ಗಾಜಿನ ಕೋಣೆಯಲ್ಲಿ ಪಾಠದ ತಯಾರಿ

ಗಾಜು ಒರೆಸುವ ಆ ನೀಲಿ ದ್ರಾವಣದ ವಾಸನೆ ಮೂಗಿಗೆ ಬಡಿದರೆ ಸಾಕು, ಇವತ್ತಿಗೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ನಮ್ಮ ಶಾಲೆಯಲ್ಲಿ ದಿನಾ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಒರೆಸುತ್ತಿದ್ದದ್ದು ತರಗತಿಯ ಬೋರ್ಡನ್ನಲ್ಲ, ಶಿಕ್ಷಕರು ಪಾಠ ತಯಾರಿ ಮಾಡುವ ಕೋಣೆಯ ಗಾಜನ್ನು. ಆಯಾ ಒರೆಸಿ ಮುಗಿಸಿದ ಮೇಲೆ ಪ್ರವೇಶ ವಿಭಾಗದ ಕೌನ್ಸೆಲರ್ ಬಂದು ಬಗ್ಗಿ, ಓರೆಯಾಗಿ ನಿಂತು, ಎಲ್ಲಾದರೂ ಬೆರಳಿನ ಗುರುತು ಉಳಿದಿದೆಯೇ ಎಂದು ನೋಡುತ್ತಿದ್ದಳು. ಒಳಗೆ ಕೂರುವವರ ಪಾಠ ಹೇಗಿದೆ ಎಂದು ಮಾತ್ರ ಅಷ್ಟು ಕಾಳಜಿಯಿಂದ ಯಾರೂ ನೋಡಿದ್ದಿಲ್ಲ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಕಪನೂರಿನ ಕಾರ್ಖಾನೆಗಳನ್ನು ದಾಟಿದ ಮೇಲೆ ಸಿಗುವ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವಿಭಾಗದ ಮುಖ್ಯಸ್ಥೆ ಎಂಬ ಬಿರುದೂ ಇದೆ. ಆ ವರ್ಷ ಬೆಂಗಳೂರಿನಿಂದ ಹೊಸ ನಿರ್ದೇಶಕರು ಬಂದರು. ಬಂದವರೇ, ಪ್ರತಿ ಶಿಕ್ಷಕರಿಗೂ ದಿನಕ್ಕೊಂದು ಪೀರಿಯಡ್ ಪಾಠದ ತಯಾರಿಗೆಂದೇ ಮೀಸಲು ಎಂದು ಸಾರಿದರು. ನಾವೆಲ್ಲ ಕುಣಿದಾಡಿಬಿಟ್ಟೆವು. ಅಲ್ಲಿಯವರೆಗೆ ನನ್ನ ತಯಾರಿಯೆಲ್ಲ ಜಗತ್ ಸರ್ಕಲ್ ಹತ್ತಿರದ ಮನೆಯಲ್ಲಿ, ಒಂದು ಕೈಯಲ್ಲಿ ರೊಟ್ಟಿ ತಿರುವುತ್ತಾ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಆಗುತ್ತಿತ್ತು. ನನ್ನ ಪುಸ್ತಕಗಳ ಅಂಚಿಗೆಲ್ಲ ಜೋಳದ ಹಿಟ್ಟು.

ಆ ಪೀರಿಯಡ್ಡನ್ನು ಎಲ್ಲಿ ಕೂತು ಕಳೆಯಬೇಕು ಎಂದು ತಿಳಿದ ದಿನ ಕುಣಿತ ನಿಂತಿತು. ರಿಸೆಪ್ಷನ್ ಎದುರಿಗೇ, ಮೂರು ಕಡೆ ಗಾಜಿನ ಗೋಡೆ ಇರುವ ಕೋಣೆ. ಅದಕ್ಕೆ ‘ಪ್ಲಾನಿಂಗ್ ಸ್ಟುಡಿಯೋ’ ಎಂದು ಹೆಸರು. ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಿಯರನ್ನು ಶಾಲೆ ಸುತ್ತಿಸುತ್ತಾರಲ್ಲ, ಆ ಸುತ್ತಿನ ಮೊದಲ ನಿಲುಗಡೆಯೇ ಈ ಕೋಣೆ. ಪ್ರಾಣಿಸಂಗ್ರಹಾಲಯದಲ್ಲಿ ನಿಲ್ಲುವ ಹಾಗೆ ಗಾಜಿನಾಚೆ ನಿಂತು, ಶಿಕ್ಷಕರು ತಯಾರಿ ಮಾಡುವುದನ್ನು ಅವರು ನೋಡಬೇಕು.

ಕೋಣೆಗೆ ನಿಯಮಗಳಿದ್ದವು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿರಬೇಕು. ದಪ್ಪ ರಟ್ಟಿನ ವಿದೇಶಿ ಪುಸ್ತಕಗಳನ್ನು ಜೋಡಿಸಿಟ್ಟಿರಬೇಕು. ಅವುಗಳಲ್ಲಿ ಒಂದು ತೋಟಗಾರಿಕೆಯದು, ಇನ್ನೊಂದು ಹಡಗುಗಳ ಇತಿಹಾಸ. ಕತ್ತರಿ, ಗೋಂದು, ರಟ್ಟು, ಬಾಟಲಿ, ಚಾಕು ಏನೂ ಕಾಣಿಸಬಾರದು, ಗಲೀಜು ಕಾಣುತ್ತದೆ. ಉತ್ತರಪತ್ರಿಕೆ ತಿದ್ದಬಾರದು, ಮುಖ ದಣಿದಂತೆ ಕಾಣುತ್ತದೆ. ‘ಟೂರ್ ಬರ್ತಿದೆ’ ಎಂದು ಮೊಬೈಲಿಗೆ ಸಂದೇಶ ಬಂದ ಕೂಡಲೇ ತಲೆಯೆತ್ತಿ, ನಗುತ್ತಾ, ಇಬ್ಬಿಬ್ಬರಾಗಿ ಚರ್ಚಿಸಬೇಕು. ಟೂರ್ ಮುಗಿಯುವ ತನಕ ಎದ್ದು ಓಡಾಡಕೂಡದು. ನಾವು ಚರ್ಚಿಸುತ್ತಿದ್ದೆವು. “ನಿಮ್ಮ ಮನ್ಯಾಗ ಇವತ್ತ ಏನ್ ಪಲ್ಯಾ ಮಾಡೀರಿ?” ಎಂದು ಗಣಿತದ ಮೇಡಂ ಲ್ಯಾಪ್‌ಟಾಪಿನ ಪರದೆಗೆ ಬೆರಳಿಟ್ಟು ಗಂಭೀರವಾಗಿ ಕೇಳುತ್ತಿದ್ದರು. “ಪುಂಡಿಪಲ್ಯಾ ರೀ” ಎಂದು ನಾನು ಅಷ್ಟೇ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಗಾಜಿನಾಚೆಯ ತಾಯಂದಿರು ಮೆಚ್ಚಿ ನೋಡುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಹೇಸಿಗೆ ಹಿಡಿಯಿತು.

ಇಷ್ಟರಲ್ಲಿ ನನ್ನ ವಿಭಾಗಕ್ಕೆ ಕಮಲಾಪುರದಿಂದ ಒಬ್ಬ ಹೊಸ ಟೀಚರ್ ಬಂದಳು. ಮನೆಯವರು ಬಾಳೆ ತೋಟದವರು. ಅವಳು ಬಿ.ಎಡ್ ಮುಗಿಸಿ ಸರಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳು. ಬೇಸಿಗೆ ಬಂದರೆ ಮನೆಗೆ ಕಳಿಸುತ್ತಿದ್ದರು, ಮತ್ತೆ ಕರೆದರೆ ಕರೆದರು, ಇಲ್ಲದಿದ್ದರೆ ಇಲ್ಲ. ಕಾಯಂ ಆಗಬಹುದಾದ ಕೆಲಸ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಕಾಯಂ ಆಗಬೇಕಾದರೆ ನಿರ್ದೇಶಕರು ಕೂತು ನೋಡುವ ಒಂದು ಪಾಠದಲ್ಲಿ ಪಾಸಾಗಬೇಕು. ತಪ್ಪಿದರೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ‘ಬೋಧನೆಯಲ್ಲಿ ಅಸಮರ್ಥ’ ಎಂದು ಬರೆದು ಕಳಿಸುತ್ತಾರೆ. ಆ ಕಾಗದ ಹಿಡಿದು ಹೋದರೆ ಈ ಊರಲ್ಲಿ ಇನ್ಯಾವ ಶಾಲೆ ಬಾಗಿಲು ತೆಗೆದೀತು?

ಶಾಲೆಯೊಳಗೆ ಶಿಕ್ಷಕಿಯರು ಒಬ್ಬರನ್ನೊಬ್ಬರು ‘ಮ್ಯಾಮ್’ ಎನ್ನಲೇಬೇಕು. ಅವಳು ಯಾರೂ ಇಲ್ಲದಾಗ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. “ಅಕ್ಕಾ, ನಾ ಏಳನೇ ಕ್ಲಾಸಿಗಿ ಪಿಷ್ಟದ ಪಾಠ ಹಚ್ಕೋತೀನ್ರಿ. ನಮ್ಮ ಕೆಂಪು ಬಾಳಿ ತರ್ತೀನಿ. ಕಾಯಿ, ದೋರಗಾಯಿ, ಹಣ್ಣು, ಮೂರೂ.”

ಒಳ್ಳೆಯ ಪಾಠ ಅದು. ಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ, ಹಣ್ಣಾಗುತ್ತಾ ಸಕ್ಕರೆಯಾಗುತ್ತದೆ. ಹೋಳಿನ ಮೇಲೆ ಅಯೋಡಿನ್ ಹನಿ ಬಿಟ್ಟರೆ ಕಾಯಿ ಕಪ್ಪುನೀಲಿಯಾಗುತ್ತದೆ, ಅರೆ ಹಣ್ಣಾದ ದೋರಗಾಯಿ ಅಲ್ಲಲ್ಲಿ ಕಪ್ಪಾಗುತ್ತದೆ, ಪೂರ್ತಿ ಕಳಿತ ಹಣ್ಣು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಕಮಲಾಪುರದ ಬಾಳೆಯ ಸಿಪ್ಪೆ ಕಾಯಾಗಿದ್ದಾಗಲೂ ಕೆಂಪೇ. ಹಾಗಾಗಿ ಮಕ್ಕಳು ಬಣ್ಣ ನೋಡಿ ಊಹಿಸಲು ಹೋಗಿ ಬೀಳುತ್ತಾರೆ, ಪರೀಕ್ಷೆ ಮಾಡಿದರೇ ಗೊತ್ತಾಗುವುದು. ಆದರೆ ಇದಕ್ಕೆ ಮೊದಲೇ ಕೂತು ಮಾಡಿ ನೋಡಬೇಕು. ಅಯೋಡಿನ್ ಎಷ್ಟು ತೆಳುವಾಗಿರಬೇಕು, ಹೋಳು ಎಷ್ಟು ದಪ್ಪವಿರಬೇಕು, ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ, ಇವೆಲ್ಲ ಕೈಯಿಂದ ಮಾಡದೆ ತಲೆಗೆ ಹತ್ತುವುದಿಲ್ಲ. ಅವಳಿಗೆ ಸಿಕ್ಕ ತಯಾರಿಯ ಪೀರಿಯಡ್ಡೆಲ್ಲ ಗಾಜಿನೊಳಗೆ ಹಡಗುಗಳ ಇತಿಹಾಸ ತಿರುವಿಹಾಕುವುದರಲ್ಲೇ ಹೋಯಿತು. ಪ್ರಯೋಗಾಲಯಕ್ಕೆ ಹೋಗುತ್ತೇನೆಂದರೆ, ಕುರ್ಚಿ ಖಾಲಿ ಕಾಣುತ್ತದೆ ಎಂದು ಕೌನ್ಸೆಲರ್ ಬಿಡಲಿಲ್ಲ.

ಪಾಠದ ದಿನ ಬಂತು. ಹಿಂದಿನ ಪೀರಿಯಡ್ ನಮ್ಮಿಬ್ಬರಿಗೂ ಗಾಜಿನ ಕೋಣೆ. ಅವಳು ಹಣ್ಣಿನ ಚೀಲವನ್ನು ಮೇಜಿನ ಕೆಳಗೆ ಕಾಣದ ಹಾಗೆ ಇಟ್ಟುಕೊಂಡಿದ್ದಳು. ಟೂರ್ ಬರುವ ಮುಂಚೆ ಕೋಣೆ ನೋಡಲು ಬಂದ ಕೌನ್ಸೆಲರ್ ಕಣ್ಣಿಗೆ ಅದು ಬಿತ್ತು. “ಇದೇನ್ ಮ್ಯಾಮ್ ಚೀಲ, ಛೀ” ಎಂದವಳೇ ಎತ್ತಿಕೊಂಡು ಹೋದಳು. ಎಲ್ಲಾದರೂ ಒಳಗಿಡುತ್ತಾಳೆ, ಆಮೇಲೆ ಕೇಳಿ ತರೋಣ ಎಂದು ನಾವು ಸುಮ್ಮನಾದೆವು. ಅಷ್ಟರಲ್ಲಿ ಸಂದೇಶ ಬಂತು. ತಲೆಯೆತ್ತಿದೆವು, ನಕ್ಕೆವು, ಚರ್ಚೆ ಶುರುಮಾಡಿದೆವು.

ಗಾಜಿನಾಚೆ ರಿಸೆಪ್ಷನ್ ಮೇಜಿನ ಮೇಲೆ ಒಂದು ಬೆತ್ತದ ಬುಟ್ಟಿ. ಬುಟ್ಟಿಯಲ್ಲಿ ಅವಳ ಬಾಳೆಹಣ್ಣು.

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದ ಯಾರೋ ದೊಡ್ಡ ಸಾಹುಕಾರರಿಗೆ ನಿರ್ದೇಶಕರು ತಾವೇ ಹಣ್ಣು ಎತ್ತಿ ಕೊಡುತ್ತಿದ್ದರು. ಗಟ್ಟಿ ಗಾಜು, ಮಾತು ಕೇಳುತ್ತಿರಲಿಲ್ಲ. ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಜನ ಹಿಚುಕಿ ನೋಡಿ, ಮೆತ್ತಗಿದ್ದದ್ದನ್ನು ಆರಿಸಿಕೊಂಡರು. ಗಟ್ಟಿಯಿದ್ದದ್ದನ್ನು ವಾಪಸ್ ಬುಟ್ಟಿಗೆ ಹಾಕಿದರು. ನಿರ್ದೇಶಕರೂ ಒಂದನ್ನು ಸುಲಿದರು.

“ಅಕ್ಕಾ, ನನ್ನ ಹಣ್ಣ ತಿನ್ಲಾಕತ್ತಾರ ನೋಡ್ರಿ!” ಎಂದು ಅವಳು ಅರ್ಧ ಎದ್ದಳು. ಆಚೆಯಿಂದ ಕೌನ್ಸೆಲರ್ ಕಣ್ಣು ಕೆಂಪಗೆ ಮಾಡಿ, ಕೂತ್ಕೋ ಎಂದು ಅಂಗೈ ಕೆಳಗೆ ತೋರಿಸಿದಳು. ಆಮೇಲೆ ಎರಡು ಬೆರಳಿನಿಂದ ತನ್ನ ತುಟಿಯ ತುದಿಗಳನ್ನು ಮೇಲಕ್ಕೆ ಎಳೆದು ತೋರಿಸಿದಳು. ನಗಬೇಕಂತೆ. ಆ ಹುಡುಗಿ ಕೂತಳು, ನಕ್ಕಳು. ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ತೋರಿಸುತ್ತಾ, ತನ್ನ ಪಾಠದ ಮುಕ್ಕಾಲು ಪಾಲು ಕಂಡವರ ಹೊಟ್ಟೆಗೆ ಹೋಗುವುದನ್ನು ನೋಡುತ್ತಾ ಕೂತಳು. ಅಂಥ ಅಸಹ್ಯವನ್ನು ನಾನು ನನ್ನ ಕೆಲಸದಲ್ಲಿ ಇನ್ನೆಲ್ಲೂ ಕಂಡಿಲ್ಲ.

ಬುಟ್ಟಿಯಲ್ಲಿ ಉಳಿದದ್ದು ಬರೀ ಕಾಯಿ. ಪಾಠದಲ್ಲಿ ಎಲ್ಲ ಹೋಳೂ ಕಪ್ಪಾದವು. ಹೋಲಿಸಲು ಏನೂ ಇಲ್ಲ. “ಮಿಸ್, ಎಲ್ಲಾ ಒಂದೇ ಅದಾವಲ್ರೀ?” ಎಂದು ಮಕ್ಕಳು ಕೇಳಿದರು. ಅವಳು ಬೋರ್ಡಿನ ಮೇಲೆ ಚಿತ್ರ ಬರೆದು ಹೇಗೋ ಗಂಟೆ ಬಾರಿಸುವ ತನಕ ಎಳೆದಳು. ಹಿಂದೆ ಕೂತಿದ್ದ ನಿರ್ದೇಶಕರು ಹೊರಗೆ ಬಂದು ನನ್ನ ಮುಂದೆಯೇ ಅವಳಿಗೆ ಹೇಳಿದರು: “ಪೂರ್ವಸಿದ್ಧತೆ ಏನೇನೂ ಸಾಲದು. ದಿನಾ ಒಂದು ಪೀರಿಯಡ್ ಕೊಟ್ಟಿದ್ದೀವಿ, ಏನ್ಮಾಡ್ತಾ ಇದ್ರಿ?” ಮಾತಾಡಿದರೆ ಅವರ ಬಾಯಿಂದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು.

“ಸರ್, ಹಣ್ಣು ನೀವೇ ತಿಂದಿರಿ” ಎಂದೆ ನಾನು.

“ಪ್ಲಾನ್ ಬಿ ಇರಬೇಕಿತ್ತು ಮ್ಯಾಮ್” ಎಂದರು. ಮುಖದಲ್ಲಿ ಒಂದಿಷ್ಟು ಅಳುಕಾದರೂ ಕಂಡರೆ ಕೇಳಿ.

ಎರಡನೆಯ ಅವಕಾಶ ಹದಿನೈದು ದಿನದ ಮೇಲೆ. ನಾನು ಪ್ರಿನ್ಸಿಪಾಲರ ಬಳಿ ಹೋದೆ. ನಮ್ಮ ಊರಿನವರೇ, ಒಳ್ಳೆಯವರೇ, ಆದರೆ ಬೆನ್ನೆಲುಬು ಮನೆಯಲ್ಲಿಟ್ಟು ಬರುವವರು. “ಮೇಡಂ, ಅವ್ರ ಹುಕುಮ್ ಅದ. ನನಗ್ಯಾಕ ನಡುವ ಹಾಕ್ತೀರಿ? ನಂದೂ ನೌಕರಿ ಅದ” ಎಂದು ಕೈಮುಗಿದರು. ನಿರ್ದೇಶಕರ ಬಳಿಗೇ ಹೋದೆ. ಆ ಹುಡುಗಿಗೆ ಮೂರೇ ಮೂರು ಪೀರಿಯಡ್ ಪ್ರಯೋಗಾಲಯದಲ್ಲಿ ಬಿಡಿ ಎಂದೆ. ಅವರು ಕುರ್ಚಿಯಲ್ಲಿ ಒರಗಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದರು: “ಮ್ಯಾಮ್, ಪ್ರಿಪರೇಷನ್ ಅನ್ನೋದು ಕಾಣಿಸಬೇಕು. ಬಾಗಿಲು ಹಾಕ್ಕೊಂಡು ಮಾಡೋ ಪ್ರಿಪರೇಷನ್‌ನಿಂದ ಒಂದಾದ್ರೂ ಅಡ್ಮಿಷನ್ ಬರುತ್ತಾ?”

ಥೂ ನಿಮ್ಮ, ಎಂದು ಮನಸ್ಸಿನಲ್ಲೇ ಅಂದು ಎದ್ದು ಬಂದೆ. ಬರುವಾಗ ಅವರ ಬಾಗಿಲಿಗೆ ಅಂಟಿಸಿದ್ದ ಅವರದೇ ಸುತ್ತೋಲೆ ಕಣ್ಣಿಗೆ ಬಿತ್ತು. ದಿನಾ ನೋಡುತ್ತಿದ್ದದ್ದೇ, ಅವತ್ತು ಓದಿದೆ. ಮಕ್ಕಳ ಕೆಲಸ ಇಲ್ಲದ ಖಾಲಿ ಗೋಡೆ ನಮ್ಮ ಶಾಲೆಯಲ್ಲಿ ಇರಕೂಡದು, ಪ್ರತಿ ವಿಭಾಗವೂ ತನಗೆ ಸಿಕ್ಕ ಗೋಡೆಯನ್ನು ತುಂಬಿಸತಕ್ಕದ್ದು. ಗಾಜಿನದಾದರೂ ಗೋಡೆ ಗೋಡೆಯೇ ಅಲ್ಲವೇ?

ಏಳನೇ ತರಗತಿಗೆ ಹೋಗಿ, ನಾಳೆಗೆ ಪ್ರತಿಯೊಬ್ಬರೂ ಒಂದೊಂದು ದೊಡ್ಡ ಚಾರ್ಟ್ ಮಾಡಿ ತರಬೇಕು ಎಂದೆ. ಹೂವಿನ ಭಾಗ, ಜೀರ್ಣಾಂಗ, ಎಲೆ, ಏನಾದರೂ ಸರಿ, ಕೆಳಗೆ ಹೆಸರು ದೊಡ್ಡದಾಗಿ ಬರೆದು ಫೋಟೋ ಅಂಟಿಸಬೇಕು. ಮರುದಿನ ಸಂಜೆ ಬಸ್ಸು ಬಿಡುವ ಮುಂಚೆ ನಾವಿಬ್ಬರೂ ಸೇರಿ, ಮುಖ ಹೊರಗೆ ಮಾಡಿ, ಮೂರೂ ಕಡೆಯ ಗಾಜಿಗೆ ಅವನ್ನು ಒತ್ತೊತ್ತಾಗಿ ಅಂಟಿಸಿದೆವು. ನೆಲದಿಂದ ತಲೆಯವರೆಗೆ ಸೂಜಿ ತೂರುವಷ್ಟು ಸಂದಿ ಬಿಡಲಿಲ್ಲ.

“ಅಕ್ಕಾ, ನನಗ ಹೆದರಿಕಿ ಆಗ್ಲಾಕತ್ತದರೀ. ಇದ್ದದ್ದೂ ಹೋದ್ರ?” ಎಂದಳು ಅವಳು, ಕೈಯಲ್ಲಿ ಟೇಪು ಹಿಡಿದು.

“ವಿಭಾಗದ ಗೋಡಿ, ನಾ ಹಚ್ಚೀನಿ. ಕೇಳಿದ್ರ ನನ್ನ ಹೆಸರು ಹೇಳು. ನೀ ಬಾಳಿ ಕಡಿ ಲಕ್ಷ್ಯ ಕೊಡು” ಎಂದೆ.

ಭಾನುವಾರ ಕಮಲಾಪುರಕ್ಕೆ ಹೋದೆ. ಅವರ ತೋಟದಲ್ಲಿ ಒಂದೇ ಗೊನೆಯಿಂದ ಎರಡು ಹಣಿಗೆ, ಅಂದರೆ ಚಿಪ್ಪು, ಇಳಿಸಿದರು. ಒಂದನ್ನು ಆವತ್ತೇ ಹಣ್ಣಾಗಲೆಂದು ಗೋಣಿಚೀಲ ಹೊದಿಸಿ ಬೆಚ್ಚಗೆ ಇಟ್ಟರು, ಇನ್ನೊಂದನ್ನು ಮೂರು ದಿನ ತಡೆದು ಇಡಬೇಕು, ಮೂರನೆಯದನ್ನು ಪಾಠದ ಹಿಂದಿನ ದಿನ ಗೊನೆಯಿಂದಲೇ ಕಡಿದು ತರಬೇಕು ಎಂದು ಲೆಕ್ಕ ಹಾಕಿದೆವು. “ಈ ಸಲ ಯಾರಾರ ತಿಂದ್ರ ನನಗ ಹೇಳವ್ವಾ, ಬಡಿಗಿ ತಗೊಂಡ್ ಬರ್ತೀನಿ” ಎಂದು ಅವಳ ತಂದೆ ನಕ್ಕರು. ಅವಳು ನಗಲಿಲ್ಲ.

ಸೋಮವಾರದಿಂದ ನಿಜವಾದ ತಯಾರಿ. ಚಾರ್ಟಿನ ಹಿಂದೆ ಮಂದ ಬೆಳಕು, ಹೊರಗಿನವರ ಕಣ್ಣಿಲ್ಲ. ಮೇಜಿನ ಮೇಲಿನ ಹಡಗಿನ ಪುಸ್ತಕವನ್ನು ಹಲಗೆ ಮಾಡಿಕೊಂಡು, ಅಭ್ಯಾಸಕ್ಕೆಂದು ತೋಟದಿಂದ ಬೇರೆ ತಂದಿದ್ದ ಕಾಯಿ, ದೋರಗಾಯಿ, ಹಣ್ಣು ಕತ್ತರಿಸಿದೆವು. ಜಗತ್ ಸರ್ಕಲ್‌ನ ಮೆಡಿಕಲ್ ಅಂಗಡಿಯಿಂದ ನಾನು ತಂದ ಟಿಂಚರ್ ಅಯೋಡಿನ್‌ಗೆ ನೀರು ಬೆರೆಸಿ ನೋಡಿದೆವು. ದಟ್ಟವಿದ್ದರೆ ಹಣ್ಣಿನ ಹೋಳೂ ಕಂದಾಗಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ತೀರಾ ತೆಳುವಾದರೆ ದೋರಗಾಯಿಯ ಕಲೆ ಕಾಣುವುದಿಲ್ಲ. ಹಾಲಿಲ್ಲದ ಚಹಾದ ಬಣ್ಣಕ್ಕೆ ಬಂದಾಗ ಮೂರೂ ಬೇರೆ ಬೇರೆಯಾಗಿ ಎದ್ದು ಕಂಡವು. ಮೊದಲ ಹೋಳು ಕಣ್ಣೆದುರೇ ಕಪ್ಪಾದಾಗ ಅವಳು “ಅಯ್ಯ ಶಿವನೇ, ಬಂತ್ರಿ!” ಎಂದು ಚಪ್ಪಾಳೆ ತಟ್ಟಿದಳು. ಓದಿ ಬಿ.ಎಡ್ ಮಾಡಿದ ಹುಡುಗಿ, ಈ ಪ್ರಯೋಗವನ್ನು ತನ್ನ ಕೈಯಾರೆ ಪೂರ್ತಿ ಮಾಡಿದ್ದು ಅದೇ ಮೊದಲಂತೆ.

ನಾನು ದಡ್ಡ ವಿದ್ಯಾರ್ಥಿಯಾಗಿ ಕೂತೆ. ಅವಳು ಶುರುಮಾಡಿದ್ದೇ “ಪಿಷ್ಟ ಅಂದರೆ ಏನು?” ಎಂದು. ನಾನು ಆಕಳಿಸಿದೆ. ಸಿಟ್ಟು ಬಂದು ಜಗಳಕ್ಕೇ ನಿಂತಳು. “ಮತ್ತೇನ್ ಕೇಳ್ಲಿ ಹೇಳ್ರಿ!” ನೀನೇ ಹುಡುಕು ಎಂದೆ. ಮರುದಿನ ತಾನೇ ಬದಲಿಸಿಕೊಂಡು ಬಂದಳು. ಮೂರು ಕೆಂಪು ಬಾಳೆ ಮೇಜಿನ ಮೇಲಿಟ್ಟು, “ಮುಟ್ಟದ ಹಂಗ ಹೇಳ್ರಿ, ಇದ್ರಾಗ ಹಣ್ಣು ಯಾವ್ದು?” ಎಂದಳು. ನಾನು ಬೇಕೆಂದೇ ಅಲ್ಲ, ನಿಜವಾಗಿಯೂ ತಪ್ಪು ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಯೋಡಿನ್ ತಾಗಿದ ಹೋಳು ಯಾರೂ ಬಾಯಿಗೆ ಹಾಕದಂತೆ ಅದಕ್ಕೆ ಬೇರೆ ತಟ್ಟೆ, ಬೇರೆ ಚಾಕು ಎಂದೂ ಅವಳೇ ತೀರ್ಮಾನಿಸಿದಳು. ತಯಾರಿ ಎಂದರೆ ಇದು. ಕೈ ಅಂಟು, ಮೇಜು ಗಲೀಜು, ನೋಡುವವರಿಗೆ ಒಂದು ಚೂರೂ ಚಂದ ಕಾಣುವುದಿಲ್ಲ.

ಚಾರ್ಟ್ ಅಂಟಿಸಿದಾಗ ನಿರ್ದೇಶಕರು ಇಲ್ಲಿರಲಿಲ್ಲ, ಕೌನ್ಸೆಲರ್ ಕೇಳಿದ್ದಕ್ಕೆ ನಾನು ಅವರದೇ ಸುತ್ತೋಲೆ ತೋರಿಸಿದ್ದೆ. ಬೆಂಗಳೂರಿಗೆ ಹೋಗಿ ಬಂದ ನಿರ್ದೇಶಕರು, ಬುಧವಾರ ಒಂದು ಟೂರ್ ಕರೆದುಕೊಂಡು ಬರುತ್ತಲೇ ಗಾಜಿನ ಮುಂದೆ ಗಕ್ಕನೆ ನಿಂತರು. ಒಳಗಿದ್ದ ನನಗೆ ದನಿಗಳು ಮಾತ್ರ ಕೇಳಿದವು, ಬಾಗಿಲು ಅರೆ ತೆರೆದಿತ್ತು. “ಹೂ ಡಿಡ್ ದಿಸ್? ತೆಗೀರಿ, ಎಲ್ಲ ತೆಗೀರಿ ಈಗ್ಲೇ!” ನಾನು ಹೊರಗೆ ಬಂದೆ. ಟೂರಿಗೆ ಬಂದವರು ನೆಹರು ಗಂಜ್ ಮಾರುಕಟ್ಟೆಯ ತೊಗರಿಬೇಳೆ ವ್ಯಾಪಾರಸ್ಥರು, ಜೊತೆಗೆ ಅವರ ಹೆಂಡತಿ. ಆಕೆ ಒಂದು ಚಾರ್ಟಿನ ಮುಂದೆ ಬಗ್ಗಿ ನಿಂತಿದ್ದರು.

“ಏನ್ರೀ, ಇಲ್ಲಿ ನೋಡ್ರಿ! ನಮ್ಮ ಮೈದುನನ ಮಗಳ ಹೆಸರು! ಫೋಟೋನೂ ಅದ. ಎಷ್ಟ್ ಛಂದ ಹೂವ ತಗದಾಳ!” ಗಂಡ ಮೊಬೈಲ್ ತೆಗೆದು ಫೋಟೋ ಹೊಡೆದರು, ಮನೆಯವರ ಗುಂಪಿಗೆ ಕಳಿಸಿದರು, ಅಲ್ಲಿಂದ ಅಲ್ಲಾಡಲೇ ಇಲ್ಲ. “ಇದನ್ನ ಯಾಕ ತಗೀರಿ ಅಂತೀರಿ ಸಾಹೇಬ್ರ? ಹುಡುಗೂರು ಮಾಡಿದ್ದು ಖರೇ ಕೆಲಸ ಇದು. ಉಳಿದದ್ದೆಲ್ಲಾ ಎಲ್ಲಾ ಶಾಲ್ಯಾಗೂ ತೋರಿಸ್ತಾರ.”

ನಿರ್ದೇಶಕರ ಮುಖದಲ್ಲಿ ನಗು ಬರುವುದನ್ನು ನಾನು ನೋಡಿದೆ. ನಲ್ಲಿ ತಿರುವಿದ ಹಾಗೆ ಬಂತು. “ನೋ ನೋ, ಇರಲಿ ಸರ್, ಇದು ನಮ್ಮದೇ ಕಾನ್ಸೆಪ್ಟ್” ಎಂದರು. ನನ್ನ ಕಡೆ ತಿರುಗಿದಾಗ ಆ ನಗು ಇರಲಿಲ್ಲ. ಪಾಠದ ದಿನದವರೆಗೆ ಚಾರ್ಟುಗಳು ಉಳಿದವು.

ಎರಡನೆಯ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣ್ಣು ಯಾವುದು ಎಂಬ ಪ್ರಶ್ನೆಗೆ ಏಳನೇ ತರಗತಿ ಎರಡು ಪಕ್ಷವಾಗಿ ಕಿತ್ತಾಡಿತು. ಹನಿ ಬಿದ್ದಾಗ ಎಲ್ಲರೂ ಬೆಂಚು ಬಿಟ್ಟು ಮುಂದೆ ಬಗ್ಗಿದರು. ದೋರಗಾಯಿಯ ಕಲೆ ನೋಡಿ ಹಿಂದಿನ ಬೆಂಚಿನ ಒಬ್ಬಳು, “ಮಿಸ್, ಹಂಗಾದ್ರ ಕಾಯ್ಯಾಗ ಇದ್ದ ಪಿಷ್ಟ ಎಲ್ಲಿ ಹೋತ್ರೀ?” ಎಂದಳು. ಟೀಚರ್ ಮುಚ್ಚಿಟ್ಟಿದ್ದ, ಅಯೋಡಿನ್ ತಾಗದ ಎರಡನೇ ತಟ್ಟೆ ತೆಗೆದು, ಕಾಯಿಯ ಒಂದು ಚೂರು, ಹಣ್ಣಿನ ಒಂದು ಚೂರು ಆ ಹುಡುಗಿಯ ಕೈಗಿಟ್ಟಳು. ತಿಂದ ಹುಡುಗಿ ಮುಖ ಕಿವುಚಿ, ಆಮೇಲೆ ಅರಳಿಸಿ, “ಸಿಹಿ ಆಗ್ಯದರೀ!” ಎಂದು ಕೂಗಿದಳು.

ಅವಳು ಕಾಯಂ ಆದಳು. ನಿರ್ದೇಶಕರು ತಮ್ಮ ವರದಿಯಲ್ಲಿ ಏನು ಬರೆದರು ಗೊತ್ತೇ? ಈ ಯಶಸ್ಸಿಗೆ ಪ್ಲಾನಿಂಗ್ ಸ್ಟುಡಿಯೋದ ತೆರೆದ ವಾತಾವರಣವೇ ಕಾರಣ ಎಂದು. ಓದಿ ನನಗೆ ಮೈಯೆಲ್ಲ ಉರಿಯಿತು. ಆ ಶನಿವಾರ ಮಧ್ಯಾಹ್ನ ಚಾರ್ಟುಗಳನ್ನೆಲ್ಲ ಕಿತ್ತು ಮೂಲೆಗೆ ಒಟ್ಟಿದರು. ಹರಿದವು ಹರಿದವು. ಸೋಮವಾರ ಗಾಜು ಮತ್ತೆ ಫಳಫಳ, ಅದೇ ನೀಲಿ ವಾಸನೆ. ಕೋಣೆಯೊಳಗಿನ ಮೇಜಿನ ಮೇಲೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಪ್ಲಾಸ್ಟಿಕ್ ಬಾಳೆಹಣ್ಣು. ಕರಪತ್ರಕ್ಕೆ ಫೋಟೋ ತೆಗೆಯಲು ನಿರ್ದೇಶಕರು ತಾವೇ ಕ್ಯಾಮೆರಾದವನನ್ನು ಕರೆತಂದಿದ್ದರು. ಅವಳು ಕೈಯಲ್ಲಿ ಡ್ರಾಪರ್ ಹಿಡಿದು ಪ್ಲಾಸ್ಟಿಕ್ ಹಣ್ಣಿನ ಮೇಲೆ ಹನಿ ಬಿಡುವಂತೆ ನಗುತ್ತಾ ನಿಲ್ಲಬೇಕಂತೆ. ಇನ್ನು ಮುಂದೆ ಪ್ರತಿ ಟೂರ್‌ಗೂ ಅವಳೇ ಮುಂದಿನ ಕುರ್ಚಿಯಲ್ಲಿ ಕೂರಬೇಕಂತೆ.

ಅವಳು ಡ್ರಾಪರನ್ನು ಕೈಗೆ ತೆಗೆದುಕೊಂಡಳು. ಎಲಾ, ಇವಳೂ ಹೋದಳಲ್ಲ ಎಂದುಕೊಂಡೆ. ಅವಳು ಅದನ್ನು ತಿರುವಿ ನೋಡಿ, ಒರೆಸಿ, ಡಬ್ಬಿಗೆ ಹಾಕಿ ಮುಚ್ಚಿದಳು.

“ಸರ್, ಫೋಟೋ ಆಮ್ಯಾಲ ತಗೀರಿ. ನಂದು ಈಗ ತಯಾರಿ ಪೀರಿಯಡ್ ಅದರಿ. ನಾಳಿ ಎಂಟನೇ ಕ್ಲಾಸಿಗಿ ಕನ್ನಡಿ ಪಾಠ ಅದ, ನಾ ಇನ್ನಾ ಏನೂ ಮಾಡಿ ನೋಡಿಲ್ಲ.”

ಬಂದ ದಿನದಿಂದ ನಿರ್ದೇಶಕರ ಮುಂದೆ ಅವಳ ಬಾಯಿಂದ “ಓಕೆ ಸರ್” ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಬಾಗಿಲ ಕಡೆ ಕೈ ತೋರಿಸಿದೆ. ಕ್ಯಾಮೆರಾದವನು ಮೊದಲು ಹೋದ, ಅವರು ಹಿಂದಿನಿಂದ ಹೋದರು. ಅವಳು ಬಾಗಿಲು ಹಾಕಿ ಚಿಲಕ ಜಡಿದಳು. ಆ ಬಾಗಿಲಿಗೆ ಒಳಗಿನಿಂದ ಚಿಲಕವಿದೆ ಎಂದು ಅಷ್ಟು ದಿನ ಕೂತರೂ ನಮಗ್ಯಾರಿಗೂ ಹೊಳೆದಿರಲಿಲ್ಲ.

ಹೊರಗೆ ಯಾರೋ ಉಂಗುರದ ಬೆರಳಿನಿಂದ ಗಾಜು ಬಡಿಯುತ್ತಿದ್ದರು. ನಾವಿಬ್ಬರೂ ಕುರ್ಚಿ ತಿರುಗಿಸಿ, ಗಾಜಿಗೆ ಬೆನ್ನು ಹಾಕಿ, ಕನ್ನಡಿ ಪಾಠ ತೆಗೆದೆವು.